ಮೂರು ಮಳೆಗಾಲ, ಒಂದೇ ಕ್ಯಾಂಪೇನ್: ತೀರ್ಥಹಳ್ಳಿಯಲ್ಲಿ ನಾನು ಆಡಿಸಿದ್ದು ಹೀಗೆ

ಸೆಪ್ಟೆಂಬರ್ ಕೊನೆಯ ಶನಿವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಕ್ಯಾಂಪೇನ್ ಮೂರನೇ ಕಂತು ಮುಗಿಸಿತು. ಟೇಬಲ್ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾ ಕಥೆ ಕಟ್ಟುವ ರೋಲ್‌ಪ್ಲೇ ಆಟ ಇದು; ವಾರದಿಂದ ವಾರಕ್ಕೆ ಮುಂದುವರಿಯುವ ಒಂದೇ ಕಥೆಗೆ ಕ್ಯಾಂಪೇನ್ ಅನ್ನುತ್ತಾರೆ. ಶುರುವಿನಲ್ಲಿ ಇದ್ದ ಐದು ಜನರಲ್ಲಿ ಐದೂ ಜನ ಕೊನೆಯ ತನಕ ಕೂತಿದ್ದರು. ಮಳೆಗಾಲಕ್ಕೊಂದು ಕಂತಿನ ಹಾಗೆ ಮೂರು ಮಳೆಗಾಲ, ಹತ್ತಿರ ಹತ್ತಿರ 40 ಸೆಷನ್. ಕ್ಯಾಂಪೇನ್ ನಡೆಸಿದವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತೇ ಇದೆ. ನನಗೆ ಈ ಆಟ ಕಲಿಸಿದ ಗೆಳೆಯ ನಮ್ಮೂರವನೇ, ಈಗ ಬೆಂಗಳೂರಿನಲ್ಲಿದ್ದಾನೆ. "ಊರಲ್ಲಿ ಕೂತು, ಅದೂ ಕನ್ನಡದಲ್ಲಿ ಡಿಎಂ ಮಾಡ್ತೀಯಾ? ನಾಲ್ಕನೇ ವಾರಕ್ಕೆ ನೀನೊಬ್ಬನೇ ಕೂತಿರ್ತೀಯ ಮಾರಾಯ" ಅಂದಿದ್ದ. ಡಿಎಂ ಅಂದರೆ ಡಂಜನ್ ಮಾಸ್ಟರ್, ಕಥೆ ನಡೆಸುವವನು. ಕನ್ನಡದಲ್ಲಿ ಆಡಿದರೆ ಅದು ನಾಟಕ ಆಗುತ್ತದೆ, ಗೇಮ್ ಆಗುವುದಿಲ್ಲ ಅನ್ನುವುದು ಅವನ ವಾದ. ಈಗ ಅವನೇ ನನ್ನ ನೋಟ್ಸ್ ಕೇಳುತ್ತಿದ್ದಾನೆ.

ಆದರೆ ಈ ಮೂರು ಕಂತಿಗೂ ಹಿಂದೆ ಮಾಡಿದ ಮೊದಲ ಪ್ರಯತ್ನದಲ್ಲಿ ಅವನ ಮಾತೇ ನಿಜವಾಗಿತ್ತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ರೋಲ್‌ಪ್ಲೇ ಆಟದ ಐದನೇ ಆವೃತ್ತಿಯ ಮೂರು ಪುಸ್ತಕ ತರಿಸಿದೆ, 9,000 ರೂಪಾಯಿ ಹತ್ತಿರ ಆಯಿತು. ಐದು ಸೆಟ್ ಡೈಸ್‌ಗೆ 3,000. ಮಿನಿಯೇಚರ್‌ಗೆ (ಪಾತ್ರಗಳ ಪುಟ್ಟ ಗೊಂಬೆಗಳು) 4,000ದ ಮೇಲೆ. ಡಿಎಂ ತನ್ನ ಟಿಪ್ಪಣಿ ಮರೆಮಾಡುವ ಸ್ಕ್ರೀನು, ಮ್ಯಾಪು ಸೇರಿ ಹೆಚ್ಚುಕಡಿಮೆ 18,000 ರೂಪಾಯಿ ಕೈಬಿಟ್ಟಿತು. ಮೂಲ ನಿಯಮಗಳು ಪುಕ್ಕಟೆ ಸಿಗುತ್ತವೆ, ಶುರು ಮಾಡುವುದಕ್ಕೆ ಅಷ್ಟೇ ಸಾಕಿತ್ತು. ಆ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಜುಲೈ ಹೊತ್ತಿಗೆ ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯಿತು. ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್‌ಗಳು ತಣಸಿಗೆ ಮೆತ್ತಗಾಗಿ, ರಬ್ಬರ್ ಹಾಕಿ ಉಜ್ಜಿದರೆ ಹರಿದೇ ಹೋಗುತ್ತಿದ್ದವು.

ಆಟವೂ ಹಾಗೇ ಹರಿದು ಹೋಯಿತು. ಮಾಡ್ಯೂಲ್‌ನಲ್ಲಿ (ಸಿದ್ಧ ಕಥೆಯ ಪುಸ್ತಕ) ಓದಿ ಹೇಳಬೇಕಾದ ಭಾಗವನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದೆ, ಆಮೇಲೆ ಕನ್ನಡದಲ್ಲಿ ಹೇಳುತ್ತಿದ್ದೆ. ಪ್ರತಿ ಕೋಣೆಗೂ ಎರಡೆರಡು ಸಲ. ಕಥೆ ಟ್ಯಾವರ್ನ್‌ನಲ್ಲಿ (ದಾರಿಯ ಹೆಂಡದಂಗಡಿ) ಶುರುವಾಗುತ್ತದೆ, ಎಲ್ಲ ಕಡೆ ಇದ್ದ ಹಾಗೆ. ನಮ್ಮ ಗುಂಪಿನ ಟೀಚರ್ ಅಕ್ಕ ಕೇಳಿದರು, "ಅಲ್ಲಿ ಊಟಕ್ಕೆ ಎಂತ ಸಿಗ್ತದೆ? ಯಾರು ಬಡಿಸ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಘಾಟಿ ದಾರಿಯ ಛತ್ರ ಆಗಿದ್ದರೆ ಅರ್ಧ ಗಂಟೆ ಹೇಳುತ್ತಿದ್ದೆ. ಮೂರನೇ ಸೆಷನ್‌ನಲ್ಲಿ ಒಂದೇ ಹೊಡೆದಾಟ ಎರಡೂವರೆ ಗಂಟೆ ನಡೆಯಿತು. ಇನಿಶಿಯೇಟಿವ್ (ಯಾರ ಸರದಿ ಮೊದಲು ಅನ್ನುವುದು) ಬರೆದುಕೊಳ್ಳುವುದು, ಎಚ್‌ಪಿ (ಪಾತ್ರಕ್ಕೆ ಉಳಿದ ಜೀವದ ಅಂಕ) ಕಳೆಯುವುದು, ಇಷ್ಟೇ. ಐದನೇ ಸೆಷನ್ ಹೊತ್ತಿಗೆ ಅಕ್ಟೋಬರ್ ಬಂತು, ಅಡಿಕೆ ಕೊನೆಕೊಯ್ಲು ಶುರುವಾಯಿತು, ಗುಂಪಿನಲ್ಲಿದ್ದ ತೋಟದ ಇಬ್ಬರು ಕಾಣೆಯಾದರು. ಉಳಿದ ಮೂವರ ಪಾತ್ರಗಳು ಮುಂದಿನ ಹೊಡೆದಾಟದಲ್ಲಿ ಸತ್ತವು. ಅಲ್ಲಿಗೆ ಮುಗಿಯಿತು.

ದಾರಿ ಸಿಕ್ಕಿದ್ದು ಒಂದು ತಾಳಮದ್ದಳೆಯಲ್ಲಿ. ಮಳೆಗಾಲ, ಯಕ್ಷಗಾನ ಮೇಳಗಳ ತಿರುಗಾಟ ನಿಂತಿತ್ತು, ನೆಂಟರ ಮನೆ ಜಗುಲಿಯಲ್ಲಿ ಕೂಟ. ವೇಷ ಇಲ್ಲ, ರಂಗಸ್ಥಳ ಇಲ್ಲ. ಅರ್ಥಧಾರಿಗಳು ಪಂಚೆ ಉಟ್ಟು ಎದುರುಬದುರು ಕೂತು ವಾದ ಮಾಡುತ್ತಿದ್ದರು. ವಾಲಿ ಸಾಯುತ್ತಾನೆ ಅಂತ ಅಲ್ಲಿದ್ದ ಮಕ್ಕಳಿಗೂ ಗೊತ್ತು. ಆದರೂ ರಾಮನಿಗೆ ಅವನು ಏನು ಕೇಳುತ್ತಾನೆ, ರಾಮ ಏನು ಹೇಳುತ್ತಾನೆ ಅಂತ ಎಲ್ಲರೂ ಕಿವಿ ಕೊಟ್ಟು ಕೂತಿದ್ದರು. ಬರೆದಿಟ್ಟ ಮಾತು ಒಂದೂ ಇಲ್ಲ. ಎಲ್ಲ ಆ ಕ್ಷಣಕ್ಕೆ ಹುಟ್ಟಿದ್ದು. ಭಾಗವತರು ಪದ್ಯ ಎತ್ತಿದರೆ ಎಂಥ ದೊಡ್ಡ ಅರ್ಥಧಾರಿಯೂ ಮಾತು ನಿಲ್ಲಿಸಬೇಕು. ನಾನು ಅಲ್ಲೇ ಕೂತು ಯೋಚಿಸಿದೆ: ನಾವು ಟೇಬಲ್ ಸುತ್ತ ಮಾಡುವುದು ಇದನ್ನೇ ಅಲ್ವಾ? ನಮ್ಮ ಕಡೆಯ ಜನರಿಗೆ ರೋಲ್‌ಪ್ಲೇ ಕಲಿಸಬೇಕಾಗಿಲ್ಲ. ಅವರಿಗೆ ಗೊತ್ತಿರುವ ರೂಪದಲ್ಲಿ ಕೊಡಬೇಕು, ಅಷ್ಟೇ.

ಅಲ್ಲಿಂದ ಮೂರು ವಿಷಯ ಎತ್ತಿಕೊಂಡೆ. ಒಂದು, ಪೀಠಿಕೆ. ಸೆಷನ್ ಶುರುವಿನಲ್ಲಿ ಪ್ರತಿಯೊಬ್ಬರೂ ತಮ್ಮ ಪಾತ್ರವಾಗಿ ಎರಡು ನಿಮಿಷ ಮಾತಾಡಬೇಕು. ನಾನು ಯಾರು, ಹೋದ ವಾರ ನನಗೆ ಏನಾಯಿತು, ಈಗ ನನ್ನ ಮನಸ್ಸಿನಲ್ಲಿ ಏನಿದೆ. "ಹೋದ ಸಲ ಎಲ್ಲಿಗೆ ನಿಲ್ಲಿಸಿದ್ವಿ" ಅನ್ನುವ ಪ್ರಶ್ನೆಯೇ ಹೋಯಿತು. ಮರೆತಿದ್ದನ್ನು ಇನ್ನೊಬ್ಬರ ಪೀಠಿಕೆ ನೆನಪಿಸುತ್ತದೆ. ಎರಡು, ತಾಳ. ನನ್ನ ಕೈಯಲ್ಲಿ ಒಂದು ಜೋಡಿ ಚಿಕ್ಕ ತಾಳ ಇರುತ್ತದೆ. ಬಾರಿಸಿದರೆ ಆ ದೃಶ್ಯ ಮುಗಿಯಿತು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಭಾಗವತರಿಗೆ ಆ ಅಧಿಕಾರ ಇದೆ ಅಂತ ಎಲ್ಲರಿಗೂ ಗೊತ್ತು. ಯಾವಾಗ ಬಾರಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಆಟಗಾರರೂ ಇದನ್ನು ಓದುತ್ತಾರೆ.

ಮೂರನೆಯದು, ಕೊನೆ ಗೊತ್ತಿರುವ ಕಥೆ. ಮೊದಲ ಕಂತು 1689ರದ್ದು. ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಕೆಳದಿ ಚೆನ್ನಮ್ಮ ಆಶ್ರಯ ಕೊಟ್ಟಿದ್ದು. ಎರಡನೇ ಮತ್ತು ಮೂರನೇ ಕಂತು ಅದೇ ಮನೆತನಗಳ ಮೊಮ್ಮಕ್ಕಳು, ಮರಿಮಕ್ಕಳದ್ದು. ಅದು 1763ಕ್ಕೆ, ಹೈದರಾಲಿ ಕೆಳದಿಯ ರಾಜಧಾನಿ ಬಿದನೂರು ಹಿಡಿಯುವುದಕ್ಕೆ ಬಂದು ನಿಲ್ಲುತ್ತದೆ. ಬಿದನೂರು ಬೀಳುತ್ತದೆ, ರಾಣಿ ವೀರಮ್ಮಾಜಿ ಸೆರೆಯಾಗುತ್ತಾಳೆ. ಇದು ನಮ್ಮ ಕಡೆ ಶಾಲೆಯಲ್ಲೇ ಕೇಳಿದ ಕಥೆ. "ಗೊತ್ತಿರುವ ಕಥೇಲಿ ಆಡೋದು ಎಂತ" ಅಂತ ಮೆಡಿಕಲ್ ಶಾಪ್ ಇಟ್ಟಿರುವ ಭಾವ ಕೇಳಿದ್ದರು. ಆದರೆ ಆಟಗಾರರು ರಾಜರಲ್ಲ. ಬಿದನೂರಿನಿಂದ ಘಾಟಿ ಇಳಿಸಿ ಬಸರೂರು ಬಂದರಿಗೆ ಕಾಳುಮೆಣಸು ಸಾಗಿಸುವ ಹೇರೆತ್ತಿನವರು. ಊರು ಬೀಳುವುದು ಖಂಡಿತ. ಇವರ ಎತ್ತು, ಮನೆ, ಕೊಟ್ಟ ಮಾತು ಏನಾಗುತ್ತದೆ ಅನ್ನುವುದು ಯಾರಿಗೂ ಗೊತ್ತಿಲ್ಲ. ಕೊನೆಯ ನಾಲ್ಕು ಸೆಷನ್‌ನಲ್ಲಿ ಆ ಭಾವನೇ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು.

ಇಲ್ಲಿ ಒಂದು ದೊಡ್ಡ ತಪ್ಪು ಮಾಡಿದ್ದೆ, ಅದನ್ನೂ ಹೇಳಬೇಕು. ಮೊದಲ ಕಂತಿನಲ್ಲಿ ಚೆನ್ನಮ್ಮನನ್ನೇ ಎನ್‌ಪಿಸಿ (ಆಟಗಾರರ ಬದಲು ಡಿಎಂ ಆಡಿಸುವ ಪಾತ್ರ) ಮಾಡಿ ಮಾತಾಡಿಸಿದೆ. ವಾರಗಟ್ಟಲೆ ತಯಾರಿ ಮಾಡಿಕೊಂಡಿದ್ದೆ. ರಾಣಿ ಮಾತು ಶುರು ಮಾಡಿದ ಕೂಡಲೇ ಐದೂ ಜನ ಕೈಕಟ್ಟಿ ಕೂತರು. "ಅಪ್ಪಣೆ ತಾಯಿ" ಬಿಟ್ಟರೆ ಬೇರೆ ಮಾತಿಲ್ಲ. ಎರಡು ಸೆಷನ್ ಹಾಗೇ ಹಾಳಾಯಿತು. ಆಮೇಲೆ ರಾಣಿ ಕಾಣಿಸಿಕೊಳ್ಳಲೇ ಇಲ್ಲ. ಮುದ್ರೆ ಒತ್ತಿದ ಒಂದು ಓಲೆ ಬರುತ್ತದೆ, ಅದರಲ್ಲಿ ಎರಡು ಸಾಲು ಇರುತ್ತದೆ, ಅದರ ಅರ್ಥ ಏನು ಅಂತ ಇವರು ಜಗಳ ಆಡುತ್ತಾರೆ. ಜನರಿಗೆ ಭಕ್ತಿ ಇರುವ ಪಾತ್ರವನ್ನು ಟೇಬಲ್‌ಗೆ ತರಬೇಡಿ, ಓಲೆ ಕಳಿಸಿ.

ಕನ್ನಡದಲ್ಲಿ ಆಡಿದ್ದರಿಂದ ಸಿಕ್ಕ ದೊಡ್ಡ ಲಾಭ ನಾನು ಎಣಿಸಿರದೇ ಇದ್ದದ್ದು. ಎದುರಿನವರನ್ನು ಮಾತಿನಲ್ಲಿ ಒಲಿಸುವುದಕ್ಕೆ ಡೈಸ್ ಉರುಳಿಸುವ ಕರಿಸ್ಮಾ ರೋಲ್ ಪೂರ್ತಿ ತೆಗೆದು ಹಾಕಿದೆ. ನೀನು, ನೀವು, ತಾವು ಇದೆಯಲ್ಲ, ಅದೇ ಸಾಕು. ಹುಲಿಕಲ್ ಘಾಟಿಯ ಸುಂಕದ ಕಟ್ಟೆಯಲ್ಲಿ ಡಿಗ್ರಿ ಓದುವ ಹುಡುಗ ಕಾವಲಿನವನಿಗೆ "ಏನಯ್ಯಾ, ದಾರಿ ಬಿಡು" ಅಂದ. ನಾನು ಆ ಕಾವಲಿನವನಾಗಿ ನಿಧಾನ ಎದ್ದು ನಿಂತು, "ತಾವು ಯಾವ ಅರಮನೆಯವರು?" ಅಂದೆ. ಅಷ್ಟೇ. ಟೇಬಲ್ ಪೂರ್ತಿ ತಣ್ಣಗಾಯಿತು. ಆ ಒಂದು "ಅಯ್ಯಾ"ಕ್ಕೆ ಮೂರು ಹೇರು ಮೆಣಸು ಅಲ್ಲೇ ಬಿಚ್ಚಿಸಬೇಕಾಯಿತು. ಆಮೇಲೆ ಟೀಚರ್ ಅಕ್ಕ ಹೋಗಿ "ಅಣ್ಣಾ, ಹುಡುಗ ಹೊಸಬ, ಮನೆಯಲ್ಲಿ ತಾಯಿ ಇಲ್ಲ" ಅಂತ ಮಾತಾಡಿ ಎರಡು ಹೇರು ಬಿಡಿಸಿಕೊಂಡು ಬಂದರು. ಒಂದು ಡೈಸ್ ಕೂಡ ಉರುಳಿಸಲಿಲ್ಲ. ಈಗ ಪ್ರತಿ ಎನ್‌ಪಿಸಿ ಹೆಸರಿನ ಮುಂದೆ ನಾನು ಬರೆದುಕೊಳ್ಳುವುದು ಒಂದೇ: ಯಾರು ಏನಂತ ಕರೆದರೆ ಇವನಿಗೆ ಸಿಟ್ಟು ಬರುತ್ತದೆ.

ಡೈಸ್ ಬದಲು ಕವಡೆ ತಂದೆ. ಚೌಕಾಬಾರ ಆಡಿದ ಕೈಗಳಿಗೆ ಅದು ಕಲಿಸಬೇಕಾಗಿಲ್ಲ. ಆರು ಕವಡೆ ಹಾಕುವುದು, ಅಂಗಾತ ಬಿದ್ದದ್ದನ್ನು ಎಣಿಸುವುದು. ನಾಲ್ಕು ಅಥವಾ ಜಾಸ್ತಿ ಬಿದ್ದರೆ ಕೆಲಸ ಆಯಿತು. ಮೂರು ಬಿದ್ದರೆ ಆಯಿತು, ಆದರೆ ಏನಾದರೂ ಕಳೆದುಕೊಳ್ಳಬೇಕು. ಎರಡು ಅಥವಾ ಕಡಿಮೆ ಬಿದ್ದರೆ ಕೆಟ್ಟಿತು. ಕವಡೆ ಎರಡೂ ಕಡೆ ಸಮ ಬೀಳುತ್ತದೆ ಅಂತ ಇಟ್ಟುಕೊಂಡರೆ 64ರಲ್ಲಿ 22, 20, 22. ಹೆಚ್ಚುಕಡಿಮೆ ಮೂರು ಪಾಲು. ಪಾತ್ರಕ್ಕೆ ಆ ಕೆಲಸ ಗೊತ್ತಿದ್ದರೆ ಒಂದು ಕವಡೆ ಜಾಸ್ತಿ, ಆಗ ಪೂರ್ತಿ ಗೆಲ್ಲುವ ಅವಕಾಶ ಸರಿಯಾಗಿ ಅರ್ಧ. ಚೆನ್ನಾಗಿ ಪಳಗಿದ್ದರೆ ಎಂಟು ಕವಡೆ, ನೂರಕ್ಕೆ 64ರಷ್ಟು. ಅದರ ಮೇಲೆ ಹೋಗಬೇಡಿ, ಆಟ ಸಪ್ಪೆಯಾಗುತ್ತದೆ. ಒಂಬತ್ತು ಕೊಟ್ಟು ನೋಡಿದ್ದೇನೆ.

ಆದರೆ ಕವಡೆ ಸಮ ಬೀಳುವುದಿಲ್ಲ. ಮೊದಲ ಸಲ ತಂದ ಒಂದು ಹಿಡಿಯಲ್ಲಿ ಬೋರಲು ಬೀಳುವುದೇ ಜಾಸ್ತಿ ಇತ್ತು, ಹುಡುಗನಿಗೆ ಒಂದು ರಾತ್ರಿ ಪೂರ್ತಿ ಸೋಲು. ಮಾರನೇ ದಿನ ಕೂತು ಒಂದೊಂದನ್ನೂ ನೂರು ಸಲ ಹಾಕಿ ಲೆಕ್ಕ ಬರೆದೆ. 40ರಿಂದ 60ರ ಒಳಗೆ ಅಂಗಾತ ಬಿದ್ದದ್ದನ್ನು ಇಟ್ಟುಕೊಂಡೆ, ಉಳಿದದ್ದು ಪೆಟ್ಟಿಗೆಗೆ. 60 ಕವಡೆಯಲ್ಲಿ ಉಳಿದದ್ದು 35ರ ಸುಮಾರು. ಎರಡು ಭಾನುವಾರ ಹೋಯಿತು. ಹುಣಸೆ ಬೀಜ ಒಂದು ಕಡೆ ತಿಕ್ಕಿ ಬಿಳಿ ಮಾಡಿಯೂ ನೋಡಿದೆ. ಸಮ ಚೆನ್ನಾಗಿ ಬೀಳುತ್ತದೆ, ಆದರೆ ಲಾಂದ್ರದ ಬೆಳಕಿನಲ್ಲಿ ಕಾಣುವುದಿಲ್ಲ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಜಾಸ್ತಿ. ಹಾಗಾಗಿ ಕವಡೆಯೇ ಉಳಿಯಿತು.

ಮಿನಿಯೇಚರ್ ಜಾಗಕ್ಕೆ ಅಡಿಕೆ. ಸಾಮಾನ್ಯ ಸಿಪಾಯಿ ಅಂದರೆ ಚಾಲಿ, ದಳದ ಮುಖ್ಯಸ್ಥ ಅಂದರೆ ಸಿಪ್ಪೆಗೋಟು, ಎರಡೂ ಒಣ ಅಡಿಕೆಯ ಬಗೆಗಳು. ಉರುಳದ ಹಾಗೆ ಅಡಕತ್ತರಿಯಲ್ಲಿ ಒಂದು ಕಡೆ ಚಪ್ಪಟೆ ಮಾಡಿಕೊಳ್ಳಬೇಕು. ಮ್ಯಾಪ್‌ಗೆ ಫ್ಲೆಕ್ಸ್ ಅಂಗಡಿಯಲ್ಲಿ ಒಂದಿಂಚಿನ ಚೌಕ ಹಾಕಿದ ನಾಲ್ಕಡಿ-ಮೂರಡಿ ಹಾಳೆ ಹೊಡೆಸಿದೆ, 200 ರೂಪಾಯಿ ಒಳಗೆ ಆಯಿತು. ಅದರ ಮೇಲೆ ದಪ್ಪ ಪಾರದರ್ಶಕ ಟೇಬಲ್ ಕವರ್ ಹಾಸಿ, ಅದರ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ನೇರ ಫ್ಲೆಕ್ಸ್ ಮೇಲೆ ಬರೆದರೆ ಕಲೆ ಉಳಿಯುತ್ತದೆ. ಎಚ್‌ಪಿ ಬರೆಯುವುದಕ್ಕೆ ಸ್ಲೇಟು ಮತ್ತು ಬಳಪ. ಬೂಷ್ಟು ಹಿಡಿಯುವ ಪುಸ್ತಕ, ಮೆತ್ತಗಾಗುವ ಶೀಟು ಟೇಬಲ್ ಮೇಲೆ ಒಂದೂ ಇಲ್ಲ.

ಇನ್ನು ದಿನದ ವಿಷಯ. ಕ್ಯಾಂಪೇನ್ ಸಾಯುವುದು ಕ್ಯಾಲೆಂಡರ್‌ನಿಂದ, ಡ್ರ್ಯಾಗನ್‌ನಿಂದ ಅಲ್ಲ. ನಮ್ಮಲ್ಲಿ ಇಬ್ಬರು ಅಡಿಕೆ ತೋಟದವರು. ಅಕ್ಟೋಬರ್‌ನಿಂದ ಫೆಬ್ರವರಿ ತನಕ ಅವರಿಗೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಆಗ ಕರೆಯುವುದೇ ತಪ್ಪು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ಮಾತ್ರ ಆಡುತ್ತೇವೆ, ಉಳಿದ ಎಂಟು ತಿಂಗಳು ರಜೆ. ಮಳೆಗಾಲದಲ್ಲೂ ಒಂದು ತೊಡಕಿದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಶುರುವಿಗೊಮ್ಮೆ, ಮತ್ತೆ 40-45 ದಿನಕ್ಕೊಮ್ಮೆ. ಮಳೆ ಒಂದು ದಿನ ಬಿಟ್ಟಿತು ಅಂದರೆ ಎಲ್ಲರೂ ತೋಟಕ್ಕೆ ಓಡುತ್ತಾರೆ. ಮೊದಲ ಕಂತಿನಲ್ಲಿ ಹೀಗೆ ನಾಲ್ಕೈದು ಶನಿವಾರ ತಪ್ಪಿತು. ಆಮೇಲೆ ನಿಯಮವನ್ನೇ ತಿರುಗಿಸಿದೆ. ಮಳೆ ಹಿಡಿದರೆ ಆಟ, ಬಿಸಿಲು ಬಂದರೆ ಆಟ ಇಲ್ಲ, ಕೇಳುವುದೇ ಬೇಡ. ಎರಡನೇ ಕಂತಿನಿಂದ ಫೋನ್ ಮಾಡಿ ಕರೆಯುವ ಕೆಲಸವೇ ನಿಂತಿತು.

ಬೇರೆ ಪ್ರಯೋಗಗಳೂ ಆದವು. ಬೆಂಗಳೂರಿನ ಗೆಳೆಯನನ್ನು ವಿಡಿಯೋ ಕಾಲ್‌ನಲ್ಲಿ ಸೇರಿಸಿಕೊಂಡೆ. ಮಳೆಗೆ ನೆಟ್‌ವರ್ಕ್ ಹೋಗಿ, ಅವನ ಪಾತ್ರ ಹೊಳೆ ಮಧ್ಯ ನಿಂತುಬಿಟ್ಟಿತು. ಒಂದು ರಾತ್ರಿ ಪರಿಚಯದ ಮದ್ದಳೆಗಾರರನ್ನು ಕೂರಿಸಿದೆ. ಇಪ್ಪತ್ತು ನಿಮಿಷ ಮೈ ಜುಮ್ಮೆನ್ನುವ ಹಾಗಿತ್ತು, ಆಮೇಲೆ ಮಾತು ಕೇಳಿಸದೆ ಬಿಟ್ಟೆವು. ಈಗ ಹೊಡೆದಾಟದ ಮೊದಲ ಒಂದು ನಿಮಿಷಕ್ಕೆ ಮಾತ್ರ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟ ಮದ್ದಳೆ. ಎರಡನೇ ಕಂತು ಮುಗಿದ ಮೇಲೆ ಎಲ್ಲರೂ ಕೆಳದಿ ಅರಸರ ಕೋಟೆ ಕವಲೇದುರ್ಗ ಹತ್ತಿದೆವು. ಅರಮನೆಯ ಅಡಿಪಾಯ, ಅಡುಗೆಮನೆಯ ಕಲ್ಲಿನ ಒಲೆ ಎಲ್ಲ ಇನ್ನೂ ಇದೆ. ಅಲ್ಲೇ ಕೂತು ಒಂದು ಗಂಟೆ ಆಡಿದೆವು, ಕವಡೆ ಇಲ್ಲದೆ, ಸುಮ್ನೆ ಮಾತಿನಲ್ಲಿ. ತೋಟದ ಅಣ್ಣ ಆ ಒಲೆ ಮುಂದೆ ಕೂತು ಹೇಳಿದ ಪೀಠಿಕೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಮೂರನೇ ಕಂತಿನ ಅರ್ಧ ಕಥೆ ಅಲ್ಲಿಂದಲೇ ಬಂತು.

ಖರ್ಚು ಈಗ ಕಂತಿಗೆ 1,500 ದಾಟುವುದಿಲ್ಲ. ಕಾಫಿ, ಹಪ್ಪಳ, ಪತ್ರೊಡೆ ಸರದಿ ಮೇಲೆ ಅವರವರ ಮನೆಯಿಂದ ಬರುತ್ತದೆ. ಹಳೆಯ ಮಿನಿಯೇಚರ್ ಮಾರಿ 1,800 ವಾಪಸ್ ತೆಗೆದೆ. ಪುಸ್ತಕಗಳನ್ನು ಮಾರಿಲ್ಲ, ಅದರೊಳಗಿನ ಭೂತ ಪ್ರಾಣಿಗಳ ಚಿತ್ರ ನನ್ನ ಮಗಳಿಗೆ ಇಷ್ಟ.

ಪ್ರತಿ ಕಂತಿನ ಮೊದಲ ದಿನ ಒಬ್ಬೊಬ್ಬರಿಗೆ ಒಂದು ಮುಚ್ಚಿದ ಲಕೋಟೆ ಕೊಡುತ್ತೇನೆ, ಅದನ್ನು ಕೊನೆಯ ಸೆಷನ್‌ನಲ್ಲಿ ಒಡೆಯಬೇಕು. ಒಳಗೆ ಏನಿರುತ್ತದೆ ಅಂತ ಗೆಳೆಯ ಎಷ್ಟು ಕೇಳಿದರೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಬಿದನೂರು ಬಿದ್ದ ರಾತ್ರಿ ಐದು ಲಕೋಟೆ ಒಟ್ಟಿಗೆ ಒಡೆದಾಗ ಟೀಚರ್ ಅಕ್ಕ ಅತ್ತುಬಿಟ್ಟರು. ಡಿಗ್ರಿ ಹುಡುಗ ಎದ್ದು ಹೊರಗೆ ಹೋಗಿ ಮಳೆ ನೋಡುತ್ತಾ ನಿಂತ. ನಾನು ತಾಳ ಬಾರಿಸಲಿಲ್ಲ.

ನಾಲ್ಕನೇ ಕಂತು ಮುಂದಿನ ಮಳೆಗಾಲ, ತೋಟಕ್ಕೆ ಮೊದಲ ಔಷಧಿ ಹೊಡೆದು ಮುಗಿದ ಶನಿವಾರದಿಂದ. ಈ ಸಲ ಇನ್ನಿಬ್ಬರು ಬರುತ್ತೇವೆ ಅಂದಿದ್ದಾರೆ. ಕವಡೆ ಇನ್ನೂ ಹದಿನೈದು ಬೇಕು, ಪೆಟ್ಟಿಗೆಯಲ್ಲಿ ಇರುವುದನ್ನು ಮತ್ತೆ ನೂರು ಸಲ ಹಾಕಿ ನೋಡಬೇಕು.