ಅಪರೂಪದ ಸ್ಪೋರ್ಟ್ಸ್ ಕಾರಿಗೆ ಹೆಚ್ಚು ದುಡ್ಡು ಕೊಡಬೇಕೇ? ಲೆಕ್ಕ ಹಾಕುವುದು ಹೀಗೆ

ಶಿವಮೊಗ್ಗದ ಗೆಳೆಯನೊಬ್ಬ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ಹದಿನೈದು ವರ್ಷ ದುಡಿದ ಮೇಲೆ ಒಂದು ಸ್ಪೋರ್ಟ್ಸ್ ಕಾರು ಕೊಳ್ಳುವ ಆಸೆ ಅವನಿಗೆ. ಯಾವ ಕಾರು ಅನ್ನುವುದು ಕಾಲೇಜು ದಿನಗಳಲ್ಲೇ ತೀರ್ಮಾನವಾಗಿತ್ತು. ಬಿಎಂಡಬ್ಲ್ಯು ಎಂ3, ಅದರಲ್ಲೂ 2000ದಿಂದ 2006ರವರೆಗೆ ತಯಾರಾದ ಇ46 ಪೀಳಿಗೆಯದ್ದು. ಆದರೆ ಹುಡುಕಲು ಕೂತಾಗ ಹೊಸ ಗೊಂದಲ ಶುರುವಾಯಿತು. ಒಂದು ಕಡೆ ಸಾಮಾನ್ಯ ಎಂ3. ಇನ್ನೊಂದು ಕಡೆ ಅದೇ ಕಾರಿನ ಅಪರೂಪದ ರೂಪ, ಎಂ3 ಸಿಎಸ್‌ಎಲ್. ಬೆಲೆ ಎರಡು-ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. "ಅಷ್ಟು ಕೊಡಬಹುದಾ?" ಅಂತ ಅವನು ಕೇಳಿದ. ನಾವಿಬ್ಬರೂ ಕೂತು ಹಾಕಿದ ಲೆಕ್ಕವೇ ಈ ಲೇಖನ. ಕಾರು ಯಾವುದೇ ಇರಲಿ, ಲೆಕ್ಕದ ದಾರಿ ಇದೇ.

ಮೊದಲು ಹೆಚ್ಚಿನ ದುಡ್ಡನ್ನು ಬಿಡಿಸಿಡಿ

ಎರಡು ಕಾರುಗಳ ಬೆಲೆಯ ವ್ಯತ್ಯಾಸವನ್ನು ಒಂದೇ ಮೊತ್ತವಾಗಿ ನೋಡಿದರೆ ತಲೆ ಕೆಡುತ್ತದೆ. ಒಂದು ಹಾಳೆ ತೆಗೆದುಕೊಂಡು ಮೂರು ಗೆರೆ ಎಳೆಯಿರಿ. ಓಡಿಸುವಾಗ ನಿಮಗೆ ನಿಜವಾಗಿ ತಿಳಿಯುವ ಸಂಗತಿಗಳು ಮೊದಲ ಸಾಲಿನಲ್ಲಿ. ಬೇರೆ ಕಡೆ ಕಡಿಮೆಗೆ ಸಿಗುವಂಥವು ಎರಡನೇ ಸಾಲಿನಲ್ಲಿ. ಮೂರನೆಯದರಲ್ಲಿ ಬರೀ ಸಂಖ್ಯೆ, ಅಂದರೆ "ಇಂಥವು ಇಷ್ಟೇ ಇವೆ" ಅನ್ನುವುದಕ್ಕೆ ಕೊಡುವ ಬೆಲೆ.

ಸಿಎಸ್‌ಎಲ್ ಬಂದಿದ್ದು 2003ರಲ್ಲಿ. ಒಟ್ಟು 1,383 ಕಾರುಗಳು. ಇ46 ಎಂ3ಗಳೆಲ್ಲ ಸೇರಿ ಸುಮಾರು 85,000 ಇರುವಾಗ, ನೂರರಲ್ಲಿ ಎರಡೂ ಇಲ್ಲ ಅಂತಾಯಿತು. ತೂಕ 1,385 ಕಿಲೋ. ಸಾಮಾನ್ಯ ಎಂ3ಗಿಂತ 110 ಕಿಲೋ ಕಡಿಮೆ. ಶಕ್ತಿ 343ರಿಂದ 360 ಅಶ್ವಶಕ್ತಿಗೆ ಏರಿತು. ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಸಾಮಾನ್ಯ ಕಾರಿಗೆ 5.2 ಸೆಕೆಂಡು ಬೇಕಾದರೆ ಇದಕ್ಕೆ 4.9 ಸೆಕೆಂಡು.

ಇಲ್ಲಿ ಸ್ವಲ್ಪ ನಿಲ್ಲಿ. ಸೆಕೆಂಡಿನ ಮೂರು ಹತ್ತಾಂಶ ನಿಮ್ಮ ಮೈಗೆ ತಿಳಿಯುತ್ತದಾ? ರಸ್ತೆಯಲ್ಲಿ ಖಂಡಿತ ಇಲ್ಲ. 17 ಅಶ್ವಶಕ್ತಿಯೂ ಅಷ್ಟೇ. ಹಾಗಾಗಿ ಈ ಎರಡನ್ನೂ ಮೊದಲ ಸಾಲಿನಿಂದ ಹೊಡೆದು ಹಾಕಿ. ಆದರೆ 110 ಕಿಲೋ ಬೇರೆ ಮಾತು. ಇಬ್ಬರು ಇಳಿದು ಹೋದ ಮೇಲೆ ಕಾರು ಹೇಗೆ ಹಗುರಾಗಿ ತಿರುಗುತ್ತದೋ ಹಾಗೆ. ಅದು ತಿರುವಿನಲ್ಲಿ ತಿಳಿಯುತ್ತದೆ, ಬ್ರೇಕ್ ಒತ್ತಿದಾಗಲೂ ತಿಳಿಯುತ್ತದೆ.

ಎಲ್ಲಕ್ಕಿಂತ ಜಾಸ್ತಿ ತಿಳಿಯುವುದು ಸದ್ದು. ಸಿಎಸ್‌ಎಲ್‌ನ ಎಂಜಿನ್ ಗಾಳಿ ಎಳೆದುಕೊಳ್ಳುವುದು ದೊಡ್ಡದೊಂದು ಕಾರ್ಬನ್ ಫೈಬರ್ ಪೆಟ್ಟಿಗೆಯ ಮೂಲಕ. ಪೆಡಲನ್ನು ಪೂರ್ತಿ ಒತ್ತಿದಾಗ ಹಿಂದಿನ ಸೈಲೆನ್ಸರ್‌ಗಿಂತ ಮುಂದಿನ ಬಾನೆಟ್ ಕೆಳಗಿನಿಂದಲೇ ಗರ್ಜನೆ ಬರುತ್ತದೆ. ಅದನ್ನು ಪಕ್ಕದ ಸೀಟಿನಲ್ಲಿ ಕೂತು ಒಮ್ಮೆ ಕೇಳಿದ್ದೇನೆ. ಎದೆಗೂಡು ನಡುಗಿತು. ಈ ಸದ್ದಿಗಾಗಿಯೇ ಕೆಲವರು ಈ ಕಾರು ಕೊಳ್ಳುತ್ತಾರೆ ಅಂದರೆ ನಂಬುತ್ತೇನೆ. ಇದನ್ನು ಮೊದಲ ಸಾಲಿನಲ್ಲಿ ದೊಡ್ಡಕ್ಷರದಲ್ಲಿ ಬರೆಯಿರಿ.

ತೂಕ ಎಲ್ಲಿ ಇಳಿಸಿದ್ದಾರೆ ಅನ್ನುವುದನ್ನೂ ಕೈಯಾರೆ ಮುಟ್ಟಿ ನೋಡಿ. ಮಾರಾಟಕ್ಕಿದ್ದ ಒಂದು ಸಿಎಸ್‌ಎಲ್‌ನ ಡಿಕ್ಕಿ ತೆಗೆದು ಒಳಗಿನ ಹಾಸು ಎತ್ತಿದೆವು. ನೆಲದ ಹಲಗೆ ರಟ್ಟಿನದು! ಜೇನುಗೂಡಿನಂತೆ ಮಡಿಸಿ ಗಟ್ಟಿ ಮಾಡಿದ ರಟ್ಟು. ಒಂದು ಬೆರಳಲ್ಲಿ ಎತ್ತಬಹುದು. ಚಾವಣಿ ಕಾರ್ಬನ್ ಫೈಬರ್‌ನದು. ಅದರಿಂದ ಉಳಿದದ್ದು ಆರೇಳು ಕಿಲೋ ಮಾತ್ರ, ಆದರೆ ಉಳಿದಿದ್ದು ಕಾರಿನ ನೆತ್ತಿಯಲ್ಲಿ. ಹಿಂದಿನ ಗಾಜೂ ತೆಳು. ಎಸಿ, ರೇಡಿಯೋ ಬೇಕಾದವರು ಕೇಳಿ ಹಾಕಿಸಿಕೊಳ್ಳಬೇಕಿತ್ತು. ದುಡ್ಡು ಜಾಸ್ತಿ ಕೊಟ್ಟು ವಸ್ತು ಕಡಿಮೆ ತೆಗೆದುಕೊಳ್ಳುವ ವ್ಯವಹಾರ ಇದು. ಮನೆಯವರಿಗೆ ವಿವರಿಸುವುದು ಕಷ್ಟ. ಆದರೆ ಪ್ರತಿ ಕಿಲೋವನ್ನೂ ಇಷ್ಟು ಪ್ರೀತಿಯಿಂದ ಲೆಕ್ಕ ಹಾಕಿದ ಎಂಜಿನಿಯರ್‌ಗಳ ಬಗ್ಗೆ ನನಗೆ ಗೌರವವಿದೆ.

ನಡುವೆ ಇನ್ನೊಂದು ಮಾದರಿ ಇದೆಯಾ ನೋಡಿ

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು, ದುಡ್ಡು ಉಳಿಯುವುದು ಮಾತ್ರ ಇಲ್ಲೇ. ಅಪರೂಪದ ಮಾದರಿಗೆಂದು ಮಾಡಿದ ಒಳ್ಳೆಯ ಭಾಗಗಳನ್ನು ಕಂಪನಿಗಳು ಆಮೇಲೆ ಸಾಮಾನ್ಯ ಕಾರಿಗೂ ಹಾಕುವುದುಂಟು. ಸಿಎಸ್‌ಎಲ್ ವಿಷಯದಲ್ಲಿ ಹಾಗೇ ಆಯಿತು. ಬ್ರಿಟನ್‌ನಲ್ಲಿ ಎಂ3 ಸಿಎಸ್ ಅನ್ನುವ ಹೆಸರಲ್ಲಿ, ಅಮೆರಿಕದಲ್ಲಿ ಕಾಂಪಿಟಿಷನ್ ಪ್ಯಾಕೇಜ್ ಅನ್ನುವ ಹೆಸರಲ್ಲಿ ಒಂದು ಮಾದರಿ ಬಂತು. ಸಿಎಸ್‌ಎಲ್‌ನ ಚುರುಕು ಸ್ಟೀರಿಂಗ್, ಮುಂದಿನ 345 ಮಿ.ಮೀ. ಬ್ರೇಕ್ ಡಿಸ್ಕ್, ಟ್ರ್ಯಾಕ್ ಮೋಡ್ (ಕಾರು ಜಾರದಂತೆ ತಡೆಯುವ ವ್ಯವಸ್ಥೆಯನ್ನು ಸ್ವಲ್ಪ ಸಡಿಲ ಬಿಡುವ ಸೌಲಭ್ಯ), 19 ಇಂಚಿನ ಚಕ್ರ ಎಲ್ಲವೂ ಇದರಲ್ಲಿವೆ.

ಇನ್ನೂ ಒಂದು ವಿಷಯ. ಸಿಎಸ್‌ಎಲ್‌ನಲ್ಲಿ ಕ್ಲಚ್ ಪೆಡಲ್ ಇಲ್ಲ. ಎಸ್‌ಎಂಜಿ ಎಂಬ, ಯಂತ್ರವೇ ಕ್ಲಚ್ ಒತ್ತುವ ಗೇರ್‌ಬಾಕ್ಸ್ ಮಾತ್ರ ಸಿಗುತ್ತಿತ್ತು. ನಡುವಿನ ಮಾದರಿಯಲ್ಲಿ ಕೈಯಿಂದ ಹಾಕುವ ಗೇರೂ ಇತ್ತು. ಗೇರ್ ಹಾಕುವ ಖುಷಿಗಾಗಿಯೇ ಸ್ಪೋರ್ಟ್ಸ್ ಕಾರು ಕೊಳ್ಳುವವರಿಗೆ ಕಡಿಮೆ ಬೆಲೆಯ ಈ ಕಾರೇ ಹೆಚ್ಚು ಹಿಡಿಸಬಹುದು. ಹಾಳೆಯ ಮೊದಲ ಸಾಲಿಗೆ ಬರಬೇಕಿದ್ದ ಸ್ಟೀರಿಂಗ್ ಮತ್ತು ಬ್ರೇಕ್ ಹೀಗೆ ಎರಡನೇ ಸಾಲಿಗೆ ಹೋದವು. ಸಿಎಸ್‌ಎಲ್‌ಗೇ ಮೀಸಲಾಗಿ ಉಳಿದಿದ್ದು ತೂಕ, ಸದ್ದು, ಸಂಖ್ಯೆ. ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಈ ಮೂರಕ್ಕೆ ಎಷ್ಟು ಕೊಡುತ್ತೀರಿ?

ಯಾಕೆ ಅಪರೂಪ?

ಕಡಿಮೆ ತಯಾರಾದದ್ದೆಲ್ಲ ಬೆಲೆಬಾಳುವುದಿಲ್ಲ. ಯಾರಿಗೂ ಬೇಡವಾಗಿ ಕಡಿಮೆ ಮಾರಾಟವಾದ ಕಾರೂ ಅಪರೂಪವೇ ಅಲ್ವಾ? ಬೇಕೆಂದವರು ಎಷ್ಟು ಜನ, ಇರುವ ಕಾರು ಎಷ್ಟು ಅನ್ನುವುದನ್ನು ಒಟ್ಟಿಗೆ ನೋಡಬೇಕು. ಸಿಎಸ್‌ಎಲ್ ಕೂಡ ಮೊದಲು ಸುಲಭವಾಗಿ ಮಾರಾಟವಾಗಲಿಲ್ಲ. ಬ್ರಿಟನ್‌ನಲ್ಲಿ ಹೊಸದರ ಬೆಲೆ ಸುಮಾರು 58,000 ಪೌಂಡ್. ಎಸಿ ಕೂಡ ಇಲ್ಲದ ಕಾರಿಗೆ ಇಷ್ಟಾ ಅಂತ ಜನ ಹಿಂದೆಗೆದರು. ಇದಕ್ಕಿಂತ ಹಳೆಯ ಇನ್ನೊಂದು ಕಾರಿನ ಕಥೆಯೂ ಹೀಗೇ. ಪೋರ್ಶೆ 911 ಕರೆರಾ ಆರ್‌ಎಸ್ 2.7 ಎಂಬ ಕಾರು 1972ರ ಕೊನೆಗೆ ಬಂದಾಗ, ಅದರ ಹಗುರ ಮಾದರಿಗೆ ಹೆಚ್ಚಿಗೆ ಕೊಡಬೇಕಿದ್ದದ್ದು 700 ಜರ್ಮನ್ ಮಾರ್ಕ್. ಸೌಕರ್ಯವಿರುವ ಟೂರಿಂಗ್ ಮಾದರಿಗೆ 2,500 ಮಾರ್ಕ್. ಹೆಚ್ಚಿನವರು ಟೂರಿಂಗ್ ತೆಗೆದುಕೊಂಡರು. ಹಗುರದ್ದು 200 ಮಾತ್ರ ಆಯಿತು. ಇವತ್ತು ಟೂರಿಂಗ್‌ಗಿಂತ ಆ 200ಕ್ಕೇ ಬೆಲೆ ಜಾಸ್ತಿ.

ಇದನ್ನು ಓದಿ ಎಲ್ಲ ಅಪರೂಪದ ಕಾರೂ ಏರುತ್ತದೆ ಅಂದುಕೊಳ್ಳಬೇಡಿ. ಪೋರ್ಶೆಯದೇ ಇನ್ನೊಂದು ಉದಾಹರಣೆ ಎದುರಿಗಿದೆ. 2016ರಲ್ಲಿ 911 ಆರ್ ಬಂತು. 991 ಕಾರುಗಳು ಮಾತ್ರ. 500 ಅಶ್ವಶಕ್ತಿ, ಕೈಯಿಂದ ಹಾಕುವ ಗೇರು, ಹಿಂದೆ ದೊಡ್ಡ ರೆಕ್ಕೆ ಇಲ್ಲ. 911ರದೇ ಇನ್ನೊಂದು ಚುರುಕು ಮಾದರಿಯಾದ ಆಗಿನ ಜಿಟಿ3ಯಲ್ಲಿ ಆಟೋಮ್ಯಾಟಿಕ್ ಮಾತ್ರ ಇದ್ದದ್ದರಿಂದ ಜನ ಮುಗಿಬಿದ್ದರು. ಕೊಂಡವರು ಕೆಲವೇ ತಿಂಗಳಲ್ಲಿ ಹಲವು ಪಟ್ಟು ಬೆಲೆಗೆ ಮಾರತೊಡಗಿದರು. 2017ರಲ್ಲಿ ಪೋರ್ಶೆ ಹೊಸ ಜಿಟಿ3ಗೆ ಕೈ ಗೇರು ಕೊಟ್ಟಿತು. ಅದೇ ವರ್ಷ ರೆಕ್ಕೆ ಇಲ್ಲದ ಟೂರಿಂಗ್ ರೂಪವನ್ನೂ ತಂದಿತು. 911 ಆರ್ ಬೆಲೆ ಇಳಿಯಿತು. ಕಾರು ಅದೇ, ಸಂಖ್ಯೆಯೂ ಅದೇ 991. ಆದರೆ ಅದರಲ್ಲಿ ಮಾತ್ರ ಸಿಗುತ್ತಿದ್ದದ್ದು ಇನ್ನೊಂದರಲ್ಲೂ ಸಿಗತೊಡಗಿತು. ತುದಿ ಬೆಲೆಗೆ ಕೊಂಡವರ ಸಂಕಟ ಊಹಿಸಿ. ಹೊಸ ಕಾರಾದರೆ, ಕಂಪನಿ ನಾಳೆ ಇದನ್ನೇ ಮತ್ತೆ ಮಾಡಬಹುದಾ ಅಂತ ಕೇಳಿಕೊಳ್ಳದೆ ಮುಂಗಡ ಕೊಡಬೇಡಿ. ಸಿಎಸ್‌ಎಲ್‌ಗೆ ಆ ಭಯ ಕಡಿಮೆ. ಆ ಎಂಜಿನ್, ಆ ದೇಹ ಮತ್ತೆ ಬರುವುದಿಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಸಿಎಸ್‌ಎಲ್ ಅಲ್ಲಿ ಮಾರಾಟಕ್ಕೆ ಬರಲೇ ಇಲ್ಲ. 25 ವರ್ಷ ತುಂಬಿದ ಕಾರನ್ನು ಅಲ್ಲಿನ ಸುರಕ್ಷತಾ ಮಾನದಂಡದ ಅಡ್ಡಿಯಿಲ್ಲದೆ ತರಿಸಬಹುದು ಅನ್ನುವ ನಿಯಮವಿದೆ. 2003ರ ಕಾರಿಗೆ ಆ ವಯಸ್ಸು ತುಂಬುವುದು 2028ರಲ್ಲಿ. ಯುರೋಪಿನಲ್ಲಿ ಇದನ್ನು ಕೊಳ್ಳುವವರು ಈ ವರ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಭಾರತಕ್ಕೆ ತರುವ ಆಸೆ ಇದ್ದರೆ ಬಿಟ್ಟುಬಿಡಿ. ಮೂರು ವರ್ಷಕ್ಕಿಂತ ಹಳೆಯದಾದ ಇಂಥ ಕಾರನ್ನು ಸಾಮಾನ್ಯವಾಗಿ ಇಲ್ಲಿಗೆ ಆಮದು ಮಾಡಲು ಬಿಡುವುದಿಲ್ಲ.

ಇಟ್ಟುಕೊಳ್ಳುವ ಖರ್ಚು

ಇಲ್ಲಿ ಸುಮ್ನೆ ಒಂದು ಸಂಖ್ಯೆ ಇಟ್ಟುಕೊಳ್ಳೋಣ. ಎರಡು ಕಾರುಗಳ ವ್ಯತ್ಯಾಸ 50,000 ಪೌಂಡ್ ಅಂದುಕೊಳ್ಳಿ. ಆ ದುಡ್ಡು ಬೇರೆಲ್ಲೋ ಇದ್ದಿದ್ದರೆ ವರ್ಷಕ್ಕೆ ನೂರಕ್ಕೆ 5 ಬರುತ್ತಿತ್ತು ಅನ್ನಿ. ವರ್ಷಕ್ಕೆ 2,500 ಪೌಂಡ್ ಕೈಬಿಟ್ಟಂತಾಯಿತು. ಅಪರೂಪದ ಕಾರನ್ನು ಜನ ಹೆಚ್ಚು ಓಡಿಸುವುದಿಲ್ಲ. ವರ್ಷಕ್ಕೆ 1,000 ಮೈಲಿ ಓಡಿಸಿದರೆ, ಪೆಟ್ರೋಲು, ವಿಮೆ ಬಿಟ್ಟು ಮೈಲಿಗೆ ಎರಡೂವರೆ ಪೌಂಡ್ ಆ "ಅಪರೂಪ"ಕ್ಕೇ ಹೋಯಿತು. ಬೆಲೆ ಏರಿದರೆ ಇದು ಮರಳಿ ಬರುತ್ತದೆ. ಬ್ರಿಟನ್‌ನಲ್ಲಿ ಸ್ವಂತಕ್ಕೆ ಇಟ್ಟುಕೊಂಡ ಕಾರು ಮಾರಿ ಬಂದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯೂ ಇಲ್ಲ. ಏರದಿದ್ದರೆ ಹೋದದ್ದು ಹೋಯಿತು. ಅದನ್ನು ತಡೆದುಕೊಳ್ಳುವ ಶಕ್ತಿ ಇದ್ದರೆ ಮಾತ್ರ ಮುಂದೆ ಹೋಗಿ.

ವಿಮೆ ಮಾಡಿಸುವಾಗ ಮೊದಲೇ ಒಪ್ಪಿಕೊಂಡ ಮೌಲ್ಯಕ್ಕೆ ಮಾಡಿಸಿ. ಇಲ್ಲದಿದ್ದರೆ ಅಪಘಾತವಾದಾಗ ಸಾಮಾನ್ಯ ಎಂ3 ಬೆಲೆಯ ಮೇಲೆ ವಾದ ಶುರುವಾಗಬಹುದು. ಸಿಎಸ್‌ಎಲ್‌ಗಷ್ಟೇ ಇರುವ ಕಾರ್ಬನ್ ಭಾಗಗಳು ದುಬಾರಿ. ಮುಂದಿನ ಬಂಪರ್ ಒಂದು ಸಲ ಕಲ್ಲಿಗೆ ತಾಗಿದರೂ ಜೇಬು ಹಗುರಾಗುತ್ತದೆ.

ನೀವು ಕಾರನ್ನು ಹೇಗೆ ಬಳಸುತ್ತೀರಿ ಅನ್ನುವುದನ್ನೂ ಇಲ್ಲೇ ಬರೆದಿಡಿ. ಸಿಎಸ್‌ಎಲ್ ಹೊಸದಿದ್ದಾಗ ಅದರ ರೇಸಿಂಗ್ ಮಾದರಿಯ ಟೈರು ಮಳೆಯಲ್ಲಿ ಅಪಾಯಕಾರಿ ಅನ್ನುವುದು ಗೊತ್ತಿದೆ ಅಂತ ಕೊಳ್ಳುವವರಿಂದ ಸಹಿ ಹಾಕಿಸಿಕೊಳ್ಳುತ್ತಿದ್ದರು. ಬರ್ಮಿಂಗ್‌ಹ್ಯಾಮ್‌ನ ಮಳೆಯಲ್ಲಿ ವಾರವಿಡೀ ಓಡಿಸುವ ಕಾರು ಅದಲ್ಲ.

ಅಸಲಿಯೇ ಅಂತ ನೋಡಿ, ಆಮೇಲೆ ಲಿಫ್ಟ್ ಏರಿಸಿ

ಬೆಳ್ಳಗಿರುವುದೆಲ್ಲ ಹಾಲಲ್ಲ. ಕಾರ್ಬನ್ ಚಾವಣಿ, ತುದಿ ಎತ್ತಿದ ಡಿಕ್ಕಿ ಬಾಗಿಲು, ಬಂಪರ್‌ನಲ್ಲಿ ಒಂದೇ ಕಡೆ ಇರುವ ಗುಂಡು ತೂತು, ಕಾರ್ಬನ್ ಪೆಟ್ಟಿಗೆ ಎಲ್ಲವೂ ಹೊರಗೆ ಸಿಗುತ್ತವೆ. ಸಾಮಾನ್ಯ ಎಂ3ಗೆ ಅವನ್ನು ಜೋಡಿಸಿದವರು ತುಂಬ ಜನ. ಹಾಗೆ ಮಾಡಿ ಓಡಿಸುವುದು ತಪ್ಪಲ್ಲ, ಅಸಲಿ ಅಂತ ಮಾರುವುದು ತಪ್ಪು. ಚಾಸಿಸ್ ನಂಬರ್ ಹಿಡಿದು ತಯಾರಕರ ದಾಖಲೆಯಲ್ಲಿ ಸಿಎಸ್‌ಎಲ್ ಅಂತಲೇ ಇದೆಯಾ ನೋಡಿ. ಬಣ್ಣವನ್ನೂ ಗಮನಿಸಿ: ಬೂದು ಬೆಳ್ಳಿ, ಕಪ್ಪು ಇವೆರಡರಲ್ಲೇ ಸಿಎಸ್‌ಎಲ್ ಬಂದದ್ದು. ಹಳೆಯ ಸರ್ವಿಸ್ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಕಿಲೋಮೀಟರ್ ಹೊಂದುತ್ತದಾ ಪರೀಕ್ಷಿಸಿ.

ಆಮೇಲೆ ಕಾರಿನ ಕೆಳಗೆ ಹೋಗಿ. ಅಪರೂಪದ ಮಾದರಿಗೂ ಸಾಮಾನ್ಯ ಮಾದರಿಯ ರೋಗಗಳೇ ಬರುತ್ತವೆ. ಇ46 ಎಂ3ಗಳಲ್ಲಿ ಹಿಂದಿನ ಆಕ್ಸಲನ್ನು ಹೊರುವ ಚೌಕಟ್ಟು, ಅಂದರೆ ಸಬ್‌ಫ್ರೇಮ್ ಕೂರುವ ಜಾಗದಲ್ಲಿ ನೆಲದ ತಗಡು ಸೀಳುತ್ತದೆ. ಎಂಜಿನ್‌ನ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆಯುತ್ತದೆ. ವಾಲ್ವ್‌ಗಳು ತೆರೆಯುವ ಸಮಯವನ್ನು ಹೊಂದಿಸುವ ವ್ಯಾನೋಸ್ ಎಂಬ ಭಾಗ ತೊಂದರೆ ಕೊಡುತ್ತದೆ. ಎಸ್‌ಎಂಜಿ ಇದ್ದರೆ ಅದರ ಪಂಪನ್ನೂ ನೋಡಬೇಕು.

ಗೆಳೆಯ ಕೊನೆಗೆ ಕೈ ಗೇರಿನ ಸಿಎಸ್ ಆರಿಸಿದ. ಇಂಟರ್‌ಲಾಗೋಸ್ ನೀಲಿ ಬಣ್ಣದ್ದು. ಲಿಫ್ಟ್ ಮೇಲೆ ಏರಿಸಿ ಹಿಂದಿನ ಎಡ ಮೂಲೆಗೆ ಟಾರ್ಚ್ ಹಿಡಿದಾಗ, ಬೋಲ್ಟ್ ಪಕ್ಕದಲ್ಲಿ ಬಣ್ಣ ಎದ್ದಿತ್ತು. ಮೆಕ್ಯಾನಿಕ್ ಉಗುರಿನಿಂದ ಕೆರೆದ. ಕೂದಲೆಳೆಯಷ್ಟು ಸೀಳು. ಮಾರುವವರು ಅಲ್ಲೇ ಒಪ್ಪಿಕೊಂಡರು. ಹಿಂದಿನ ಆಕ್ಸಲ್ ಇಳಿಸಿ, ತಗಡಿಗೆ ಗಟ್ಟಿ ಪಟ್ಟಿಗಳನ್ನು ಬೆಸುಗೆ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆದರು. ಮೂರು ವಾರದ ಮೇಲೆ ಕಾರು ಮನೆಗೆ ಬಂತು. ಮೂರು ಗೆರೆ ಎಳೆದ ಆ ಹಾಳೆಯನ್ನು ಅವನು ಸರ್ವಿಸ್ ಪುಸ್ತಕದೊಳಗೇ ಮಡಿಸಿಟ್ಟಿದ್ದಾನೆ. ಮೊದಲ ಸಾಲಿನಲ್ಲಿ "ಸದ್ದು" ಅನ್ನುವುದು ಇನ್ನೂ ಹೊಡೆದು ಹಾಕದೆ ಹಾಗೇ ಇದೆ.