ಸಿಎನ್‌ಸಿ ರೂಟರ್ ಬಳುಕುತ್ತಿದೆಯೇ? ಮೊದಲು ಅಳೆಯಿರಿ, ಆಮೇಲೆ ಬಿಗಿ ಮಾಡಿ

ಚೌಕ ಕತ್ತರಿಸು ಅಂದರೆ ಓರೆ ಚೌಕ ಬರುತ್ತದೆ. ವೃತ್ತ ಕೊಟ್ಟರೆ ಮೊಟ್ಟೆಯ ಆಕಾರ. ಅಂಚಿನಲ್ಲೆಲ್ಲ ಅಲೆಅಲೆಯಾದ ಗುರುತು, ಕತ್ತರಿಸುವಾಗ ಕಿರುಗುಟ್ಟುವ ಸದ್ದು. ಹವ್ಯಾಸಕ್ಕೆಂದು ಸಣ್ಣ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಹಲಗೆ ಕತ್ತರಿಸುವ ಯಂತ್ರ) ಇಟ್ಟುಕೊಂಡವರಿಗೆ ಈ ಕಾಟ ಗೊತ್ತೇ ಇರುತ್ತದೆ. ಕೂಡಲೇ ದಪ್ಪ ಬೀಮ್ (ಅಡ್ಡ ತೊಲೆ), ದೊಡ್ಡ ಸ್ಪಿಂಡಲ್ (ಕತ್ತರಿಸುವ ಬಿಟ್ ತಿರುಗಿಸುವ ಮೋಟರ್) ಹುಡುಕಲು ಹೊರಡಬೇಡಿ. ಮೊದಲು ಒಂದು ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಮಾಪಕ) ತನ್ನಿ. 0.01 ಮಿ.ಮೀ. ತೋರಿಸುವ ಸಾದಾ ಗೇಜ್ ಸಾಕು. ಎಲ್ಲಿ ಬಳುಕುತ್ತಿದೆ ಅಂತ ತಿಳಿಯದೆ ಸುಮ್ನೆ ಲೋಹ ಸೇರಿಸಿದರೆ ಯಂತ್ರ ಭಾರವಾಗುತ್ತದೆ, ಗಟ್ಟಿಯಾಗುತ್ತದೆ ಅನ್ನುವ ಖಾತ್ರಿ ಇಲ್ಲ.

ಕೆಲಸದ ಕ್ರಮವೂ ಮುಖ್ಯ. ಬಳುಕು ಎಲ್ಲಿದೆ ಅಂತ ಕಂಡ ಮೇಲೆ ಮೊದಲು ಬಿಗಿ, ನಂತರ ಮೂಲೆ, ಕೊನೆಗೆ ಓಟದ ಅಳತೆ. ಸಡಿಲ ಯಂತ್ರವನ್ನು ಎಷ್ಟು ನೇರ ಮಾಡಿದರೂ ಕಟ್ ಶುರುವಾದಾಗ ಮತ್ತೆ ಓರೆಯಾಗುತ್ತದೆ.

ಹಂತ 1: ಎಳೆದು ನೋಡಿ

ಬಿಟ್ ತೆಗೆಯಿರಿ, ಸ್ಪಿಂಡಲ್‌ನ ಪ್ಲಗ್ ಕಿತ್ತಿಡಿ. ಯಂತ್ರವನ್ನು ಸರಿಸುವ ಮೋಟರ್‌ಗಳಿಗೆ ಮಾತ್ರ ಕರೆಂಟ್ ಇರಲಿ, ಅವು ಹಿಡಿದುಕೊಂಡೇ ನಿಲ್ಲಬೇಕು. ಜಿಆರ್‌ಬಿಎಲ್ (ಯಂತ್ರ ನಡೆಸುವ ಸಾಫ್ಟ್‌ವೇರ್) ಬಳಸುವವರು $1=255 ಎಂದು ಕೊಟ್ಟರೆ, ಯಂತ್ರ ಸುಮ್ಮನಿದ್ದಾಗಲೂ ಮೋಟರ್ ಹಿಡಿತ ಬಿಡುವುದಿಲ್ಲ.

ಈಗ ಕಾಲೆಟ್ ನಟ್‌ಗೆ (ಸ್ಪಿಂಡಲ್ ತುದಿಯಲ್ಲಿ ಬಿಟ್ ಹಿಡಿಯುವ ನಟ್) ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ 5 ಕೆ.ಜಿ.ಯಷ್ಟು ಎಳೆಯಿರಿ. ಗೇಜ್‌ನ ಸ್ಟ್ಯಾಂಡ್ ಮೇಜಿನ ಮೇಲಿರಲಿ, ಮೊನೆ ಕಾಲೆಟ್‌ಗೆ ತಾಗಿರಲಿ. ಎಕ್ಸ್ (ಎಡ–ಬಲ) ದಿಕ್ಕಿಗೊಮ್ಮೆ, ವೈ (ಹಿಂದೆ–ಮುಂದೆ) ದಿಕ್ಕಿಗೊಮ್ಮೆ ಎಳೆದು ಎರಡನ್ನೂ ಬರೆದಿಟ್ಟುಕೊಳ್ಳಿ. ಇದು ಒಟ್ಟು ಬಳುಕು.

ಆಮೇಲೆ ಸ್ಟ್ಯಾಂಡನ್ನು ಎಕ್ಸ್ ಕ್ಯಾರೇಜ್ (ಬೀಮ್ ಮೇಲೆ ಎಡ–ಬಲಕ್ಕೆ ಓಡುವ ಭಾಗ) ಮೇಲೆ ಕೂರಿಸಿ ಅದೇ ರೀತಿ ಎಳೆಯಿರಿ. ಅಲ್ಯೂಮಿನಿಯಂಗೆ ಸ್ಟ್ಯಾಂಡಿನ ಮ್ಯಾಗ್ನೆಟ್ ಅಂಟುವುದಿಲ್ಲ, ಅಲ್ಲಿ ಕ್ಲ್ಯಾಂಪ್ ಬೇಕು. ಈಗ ಕಾಣುವುದು ಕ್ಯಾರೇಜ್‌ನಿಂದ ಕೆಳಗಿನ ಭಾಗದ, ಅಂದರೆ ಝಡ್ (ಮೇಲೆ ಕೆಳಗೆ ಓಡುವ ಭಾಗ) ಮತ್ತು ಸ್ಪಿಂಡಲ್‌ನ ಬಳುಕು ಮಾತ್ರ. ಒಟ್ಟು 0.30 ಮಿ.ಮೀ. ಇದ್ದು, ಅದರಲ್ಲಿ ಇಲ್ಲೇ 0.19 ಬಂತು ಅಂದುಕೊಳ್ಳಿ. ಆಗ ಬೀಮ್ ಎಷ್ಟೇ ದಪ್ಪ ಮಾಡಿದರೂ ಆ 0.19 ಹಾಗೇ ಉಳಿಯುತ್ತದೆ, ಅಲ್ವಾ? ಹೀಗೇ ಪ್ರತಿ ಜೋಡಣೆಯನ್ನೂ ನೋಡುತ್ತಾ ಹೋಗಿ. ಎಲ್ಲಿ ಜಾಸ್ತಿಯೋ ಅಲ್ಲಿಂದ ಕೆಲಸ ಶುರು.

ಹಂತ 2: ಮೆತ್ತಗಿರುವ ಕಡೆ ಬಿಗಿ ಮಾಡಿ

ಚಿಕ್ಕ ಯಂತ್ರಗಳಲ್ಲಿ ಝಡ್ ಭಾಗವೇ ಸಿಕ್ಕಿಬೀಳುವುದು ಹೆಚ್ಚು. ಒಂದು ತುದಿ ಹಿಡಿದ ತೋಳಿನ ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟಾಗುತ್ತದೆ. ಝಡ್ ಪೂರ್ತಿ ಕೆಳಗಿಳಿದು ಕೆಲಸ ಮಾಡುವಾಗ ಅದು ಇಂಥ ಉದ್ದ ತೋಳೇ. ಹಾಗಾಗಿ ಎಲ್ಲಕ್ಕಿಂತ ಸುಲಭದ ಮದ್ದು ಮೇಜನ್ನು ಎತ್ತರಿಸುವುದು. ಸ್ಪಾಯಿಲ್‌ಬೋರ್ಡ್ (ಬಿಟ್ ತಗಲಿದರೂ ಸರಿ ಅಂತ ಮೇಜಿನ ಮೇಲೆ ಹಾಕುವ ಹಲಗೆ) ಕೆಳಗೆ ಇನ್ನೊಂದು ಎಂಡಿಎಫ್ ಹಲಗೆ ಹಾಕಿ, ಸ್ಪಿಂಡಲ್ ಕ್ಲ್ಯಾಂಪನ್ನು ಆದಷ್ಟು ಕಾಲೆಟ್ ಹತ್ತಿರಕ್ಕೆ ತನ್ನಿ. ಇಷ್ಟಕ್ಕೇ ಕಟ್‌ನ ಸದ್ದು ಬದಲಾಗುವುದನ್ನು ಕೇಳಬಹುದು.

ಬಿಟ್‌ಗೂ ಇದೇ ಲೆಕ್ಕ. ಅಗತ್ಯಕ್ಕಿಂತ ಉದ್ದ ಹೊರಗೆ ಬಿಡಬೇಡಿ. ಗುಂಡಗಿನ ಸರಳಿನ ಗಟ್ಟಿತನ ವ್ಯಾಸದ ನಾಲ್ಕನೇ ಘಾತದಷ್ಟು ಏರುತ್ತದೆ. ಅದರಿಂದ 6 ಮಿ.ಮೀ. ಶ್ಯಾಂಕ್ (ಕಾಲೆಟ್ ಹಿಡಿಯುವ ಬಿಟ್‌ನ ಬುಡ), 3.175 ಮಿ.ಮೀ. ಶ್ಯಾಂಕ್‌ಗಿಂತ ಸುಮಾರು 13 ಪಟ್ಟು ಗಟ್ಟಿ.

ವಿ ವೀಲ್ (ರೈಲ್ ಹಿಡಿದು ಓಡುವ ಗಾಲಿ) ಇದ್ದರೆ, ಅದನ್ನು ರೈಲ್‌ಗೆ ಒತ್ತುವ ಎಕ್ಸೆಂಟ್ರಿಕ್ ನಟ್ ತಿರುಗಿಸಿ ಪ್ಲೇ (ಸಡಿಲ) ತೆಗೆಯಿರಿ. ಕ್ಯಾರೇಜ್ ಹಿಡಿದುಕೊಂಡು ವೀಲನ್ನು ಬೆರಳಿಂದ ತಿರುಗಿಸಿದಾಗ ಅದು ಸ್ವಲ್ಪ ತಡೆಯುತ್ತಾ ಜಾರಬೇಕು. ಅದಕ್ಕಿಂತ ಬಿಗಿ ಮಾಡಿದರೆ ವೀಲ್ ಚಪ್ಪಟೆಯಾಗುತ್ತದೆ. ಅಷ್ಟಾದರೂ ಬಳುಕು ಉಳಿದರೆ ಝಡ್‌ಗೆ ಲೀನಿಯರ್ ರೈಲ್ (ಉಕ್ಕಿನ ಜಾರುಹಳಿ) ಹಾಕಿಸಿ. ಹಣ ಹಾಕುವುದಾದರೆ ಮೊದಲು ಹಾಕಬೇಕಾದ ಜಾಗ ಇದೇ ಅನ್ನುವುದು ನನ್ನ ಅಭಿಪ್ರಾಯ.

ಬೀಮ್ ತಿರುಚಿಕೊಳ್ಳುತ್ತಿದ್ದರೆ ಅದರ ಆಕಾರ ನೋಡಿ. ಒಂದು ಕಡೆ ಬಾಯಿ ತೆರೆದ ಪ್ರೊಫೈಲ್ ತಿರುಚಿದರೆ ಬೇಗ ಸೋಲುತ್ತದೆ, ನಾಲ್ಕೂ ಕಡೆ ಮುಚ್ಚಿದ್ದು ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ತೆರೆದ ಬದಿಗೆ ಉದ್ದಕ್ಕೂ ಒಂದು ಪ್ಲೇಟ್ ಇಟ್ಟು ಹತ್ತಿರ ಹತ್ತಿರ ಬೋಲ್ಟ್ ಹಾಕಿ. ಕೆಲವರು ಬೀಮ್ ಒಳಗೆ ಮರಳು ತುಂಬುತ್ತಾರೆ. ಅದು ನಡುಕವನ್ನು ಸ್ವಲ್ಪ ಹೀರುತ್ತದೆ, ಬಾಗುವುದನ್ನು ತಡೆಯುವುದಿಲ್ಲ.

ಹಂತ 3: ರೈಲ್‌ಗಳ ತಿರುಚು ತೆಗೆಯಿರಿ

ಎರಡು ವೈ ರೈಲ್‌ಗಳ ನಾಲ್ಕು ತುದಿಗಳಿಂದ ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಬಿಗಿಯಾಗಿ ಕಟ್ಟಿ. ನಡುವೆ ಅವು ಒಂದಕ್ಕೊಂದು ಸುಮ್ನೆ ಸೋಕಬೇಕು. ಸಂದಿ ಕಂಡರೆ ಯಾವುದೋ ಮೂಲೆ ಏರಿದೆ ಅಥವಾ ಇಳಿದಿದೆ. ಮೇಲಿನ ದಾರವನ್ನು ಕೆಳಗೆ ಹಾಕಿಯೂ ನೋಡಿ, ಏಕೆಂದರೆ ಒಂದು ದಾರ ಇನ್ನೊಂದನ್ನು ಒತ್ತುತ್ತಿದ್ದರೂ ಸೋಕಿದಂತೆಯೇ ಕಾಣುತ್ತದೆ. ಯಂತ್ರದ ಕಾಲ ಕೆಳಗೆ ತೆಳು ತಗಡು ಕೊಟ್ಟು ಸರಿಮಾಡಿ. ಈ ಹಂತ ಬಿಡಬೇಡಿ. ರೈಲ್ ತಿರುಚಿದ್ದರೆ ಮುಂದೆ ಹೆರೆಯುವ ಮೇಜೂ ಹಾಗೇ ತಿರುಚಿಕೊಳ್ಳುತ್ತದೆ.

ಹಂತ 4: ಗ್ಯಾಂಟ್ರಿಯ ಮೂಲೆ

ಗ್ಯಾಂಟ್ರಿ ಅಂದರೆ ಬೀಮ್ ಮತ್ತು ಅದನ್ನು ಎರಡೂ ಬದಿ ಹೊತ್ತ ಭಾಗ. ಹಲಗೆಯಲ್ಲಿ 400 x 300 ಮಿ.ಮೀ. ಆಯತದ ನಾಲ್ಕು ಮೂಲೆಗೂ ಯಂತ್ರದಿಂದಲೇ ಸಣ್ಣ ತೂತು ಕೊರೆಯಿರಿ. ಎರಡೂ ಕರ್ಣ ಅಳೆಯಿರಿ. ಎರಡೂ 500 ಬಂದರೆ ಮೂಲೆ ಸರಿ. ಒಂದು 500.8, ಇನ್ನೊಂದು 499.2 ಬಂದರೆ, ಅಂದರೆ 1.6 ಮಿ.ಮೀ. ವ್ಯತ್ಯಾಸ ಇದ್ದರೆ, ಗ್ಯಾಂಟ್ರಿ 300 ಮಿ.ಮೀ.ಗೆ 1 ಮಿ.ಮೀ. ಓರೆಯಾಗಿದೆ. ಎರಡು ವೈ ಮೋಟರ್ ಇದ್ದರೆ ಪವರ್ ಆರಿಸಿ, ಗ್ಯಾಂಟ್ರಿಯನ್ನು ಎರಡೂ ಬದಿಯ ತಡೆಗೆ ಒತ್ತಿ ಹಿಡಿದು ಮತ್ತೆ ಆನ್ ಮಾಡಿ. ಒಂದು ಬದಿಯ ತಡೆಗೆ ತಗಡು ಸೇರಿಸುತ್ತಾ, ಕರ್ಣಗಳು ಸಮವಾಗುವವರೆಗೆ ಕೊರೆದು ನೋಡಿ.

ಹಂತ 5: ಝಡ್ ಮತ್ತು ಸ್ಪಿಂಡಲ್

ಇವು ಎರಡು ಬೇರೆ ಬೇರೆ ಕೆಲಸ. ಮೊದಲು ಝಡ್ ಓಡುವ ದಾರಿ ಮೇಜಿಗೆ ಲಂಬವಾಗಿರಬೇಕು. ಮೇಜಿನ ಮೇಲೆ ಟ್ರೈಸ್ಕ್ವೇರ್ ನಿಲ್ಲಿಸಿ, ಸ್ಪಿಂಡಲ್‌ಗೆ ಗೇಜ್ ಕಟ್ಟಿ, ಝಡ್ ಏರಿಸಿ ಇಳಿಸಿ. ಮುಳ್ಳು ಅಲುಗಬಾರದು. ಇದು ಓರೆಯಾಗಿದ್ದರೆ ತೂತುಗಳು ಆಳಕ್ಕೆ ಹೋದಂತೆ ಪಕ್ಕಕ್ಕೆ ಸರಿಯುತ್ತವೆ.

ಆಮೇಲೆ ಸ್ಪಿಂಡಲ್. ಕಾಲೆಟ್‌ಗೆ ಅಡ್ಡ ಸರಳು ಹಿಡಿಸಿ, ಅದರ ತುದಿಗೆ ಗೇಜ್ ಕಟ್ಟಿ, ಕೈಯಿಂದ ತಿರುಗಿಸಿ. ಮೇಜಿನ ಮೇಲೆ ದಪ್ಪ ಗಾಜು ಇಟ್ಟರೆ ಓದಲು ಸುಲಭ. ಎಡಕ್ಕೂ ಬಲಕ್ಕೂ 200 ಮಿ.ಮೀ. ಅಂತರದಲ್ಲಿ 0.20 ವ್ಯತ್ಯಾಸ ಬಂತು, ಸ್ಪಿಂಡಲ್ ಮೌಂಟ್‌ನ ಬೋಲ್ಟ್‌ಗಳು 60 ಮಿ.ಮೀ. ದೂರ ಇವೆ ಅಂದರೆ ಆ ಕಡೆ ಓರೆ 0.06. ಎಡ–ಬಲದ ಓರೆಯಾದರೆ ಬೋಲ್ಟ್ ಸಡಿಲಿಸಿ ಮೌಂಟನ್ನು ಅಷ್ಟು ಹೊರಳಿಸಿ. ಹಿಂದೆ–ಮುಂದೆಯ ಓರೆಯಾದರೆ ಮೌಂಟ್ ಹಿಂದೆ ಅಷ್ಟು ದಪ್ಪದ ತಗಡು ಕೊಡಿ.

ಇಷ್ಟಾದ ಮೇಲೆ ಅಗಲ ಬಿಟ್‌ನಿಂದ ಸ್ಪಾಯಿಲ್‌ಬೋರ್ಡ್ ಹೆರೆಯಿರಿ. ಈಗ ಮೇಜು ಯಂತ್ರದ ಓಟಕ್ಕೇ ಸಮವಾಯಿತು. ಆದ್ದರಿಂದ ಸ್ಪಿಂಡಲ್ ಓರೆಯನ್ನು ಇನ್ನೊಮ್ಮೆ ಅಳೆದು ತಿದ್ದಿ, ಮತ್ತೆ ತೆಳುವಾಗಿ ಹೆರೆಯಿರಿ. ಕೈಯಾಡಿಸಿದಾಗ ಸಾಲುಸಾಲು ಏಣು ಸಿಕ್ಕಿದರೆ ಓರೆ ಇನ್ನೂ ಉಳಿದಿದೆ ಅಂತ ಅರ್ಥ.

ಹಂತ 6: ಅಳತೆ ಮತ್ತು ಪರೀಕ್ಷೆ

ಒಂದೇ ದಿಕ್ಕಿಗೆ 0.1 ಮಿ.ಮೀ.ಯಂತೆ ಸರಿಸುತ್ತಾ ಹೋಗಿ ಹಿಂತಿರುಗಿಸಿ. ಗೇಜ್ ಅಲುಗದೆ ಕಳೆದುಹೋದ ಅಳತೆಯೇ ಬ್ಯಾಕ್‌ಲ್ಯಾಶ್. ಸ್ಕ್ರೂ ಇದ್ದರೆ ನಟ್ ಬಿಗಿ ಮಾಡಿ, ಬೆಲ್ಟ್ ಇದ್ದರೆ ಎಳೆದು ಕಟ್ಟಿ. ಸಾಫ್ಟ್‌ವೇರ್‌ನಲ್ಲಿ ಮುಚ್ಚಿಹಾಕಲು ಹೋಗಬೇಡಿ. ಸಡಿಲ ಇರುವಷ್ಟು ದೂರ ಬಿಟ್ ಮರವನ್ನು ತಾನೇ ಎಳೆದುಕೊಳ್ಳುತ್ತದೆ.

ಸ್ಟೆಪ್ ಲೆಕ್ಕ ಸುಲಭ. ಸುತ್ತಿಗೆ 200 ಸ್ಟೆಪ್ ಇಡುವ ಮೋಟರ್, 8 ಮೈಕ್ರೋಸ್ಟೆಪ್ (ಪ್ರತಿ ಸ್ಟೆಪ್ಪಿಗೆ ಎಂಟು ಭಾಗ), ಸುತ್ತಿಗೆ 8 ಮಿ.ಮೀ. ಸರಿಯುವ ಸ್ಕ್ರೂ ಇದ್ದರೆ ಮಿ.ಮೀ.ಗೆ 200 ಸ್ಟೆಪ್. ಬೆಲ್ಟ್ ಯಂತ್ರದಲ್ಲಿ ಆದಷ್ಟು ಉದ್ದ ಓಡಿಸಿ, ಅಳೆದು ತಿದ್ದಿ.

ಕೊನೆಗೆ ಒಂದು ವೃತ್ತ ಕತ್ತರಿಸಿ. ಕರ್ಣದ ದಿಕ್ಕಿಗೆ ಉದ್ದವಾಗಿದ್ದರೆ ಗ್ಯಾಂಟ್ರಿ ಮೂಲೆ ತಪ್ಪಿದೆ. ಎಕ್ಸ್ ಅಥವಾ ವೈ ದಿಕ್ಕಿಗೆ ಉದ್ದವಾಗಿದ್ದರೆ ಸ್ಟೆಪ್ ಲೆಕ್ಕ ನೋಡಿ. ದಿಕ್ಕು ಬದಲಾಗುವ ನಾಲ್ಕು ಜಾಗದಲ್ಲಿ ಸಣ್ಣ ಚಪ್ಪಟೆ ಗುರುತು ಕಂಡರೆ ಅದು ಬ್ಯಾಕ್‌ಲ್ಯಾಶ್. ಒಂದಷ್ಟು ಕೆಲಸ ಮಾಡಿದ ಮೇಲೆ ಬೋಲ್ಟ್‌ಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿ, ಹಂತ 1ರ ಎಳೆತ ಮತ್ತೆ ಅಳೆದು ಹಳೆಯ ಅಂಕಿಯ ಪಕ್ಕದಲ್ಲೇ ಬರೆಯಿರಿ.