ಬಾಟಲಿಯಲ್ಲೇ ಅರ್ಧಾಯುಷ್ಯ: ಎರೆಮಣ್ಣು, ಕೆಂಪುಮಣ್ಣು ಮತ್ತು ಕ್ಲೋರ್‌ಪೈರಿಫಾಸ್

ಮಣ್ಣಿಗೆ ಬಿದ್ದ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಅರ್ಧಕ್ಕಿಳಿಯಲು ಹಿಡಿಯುವ ಕಾಲವೇ ಅದರ ಅರ್ಧಾಯುಷ್ಯ. ದೊಡ್ಡ ಇನ್‌ಕ್ಯುಬೇಟರ್ (ಒಂದೇ ಉಷ್ಣತೆ ಕಾಯುವ ಪೆಟ್ಟಿಗೆ) ಇಲ್ಲದೆ ಅದನ್ನು ಅಳೆಯೋಕಾಗಲ್ಲ ಅಂದವರೇ ಹೆಚ್ಚು. ಮುಚ್ಚಿದ ಥರ್ಮೋಕೋಲ್ ಪೆಟ್ಟಿಗೆ, 25 ಡಿಗ್ರಿಗೆ ಕಟ್ಟಿದ ಥರ್ಮೋಸ್ಟ್ಯಾಟ್, ಒಂದಷ್ಟು ಗಾಜಿನ ಬಾಟಲಿ, ಇಷ್ಟರಲ್ಲೇ ಮೂರು ಬ್ಯಾಚಿನ ಅಂಕಿ ಒಂದಕ್ಕೊಂದು ತಾಳೆಯಾಗಿವೆ.

ಕೆಟ್ಟಿದ್ದು ಮದ್ದು ಬೆರೆಸುವಲ್ಲಿ. ಮದ್ದು ಕರಗಿಸಿದ ಅಸಿಟೋನ್ ದ್ರಾವಣ ನೇರ ಮಣ್ಣಿಗೆ ಬಿದ್ದರೆ ಮದ್ದನ್ನು ಒಡೆಯುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಎರಡು ಬ್ಯಾಚು ಹಾಗೇ ಹಾಳಾದವು: ಕೆಂಪುಮಣ್ಣಲ್ಲಿ 28ನೇ ದಿನವೂ ಮದ್ದು ಹೆಚ್ಚುಕಮ್ಮಿ ಹಾಕಿದಷ್ಟೇ, ಲ್ಯಾಬ್ ಬಿಲ್ಲು ಮಾತ್ರ ಪೂರ್ತಿ. ಈಗ 50 ಗ್ರಾಂ ತೊಳೆದ ನುಣ್ಣನೆ ಮರಳಿಗೆ 10 ಮಿಲೀ ದ್ರಾವಣ (ಲೀಟರಿಗೆ 100 ಮಿಗ್ರಾಂ) ಹಾಕಿ, ವಾಸನೆ ಹೋಗುವವರೆಗೆ ಫ್ಯೂಮ್ ಹುಡ್‌ನಲ್ಲಿ (ಆವಿ ಹೊರಗೆಳೆಯುವ ಗೂಡು) ಕೆದಕುತ್ತಾ ಆರಿಸಿ, ಆಮೇಲೆ 950 ಗ್ರಾಂ ಮಣ್ಣಿಗೆ ಕಲಸುವುದು. ಕಿಲೋಗೆ 1 ಮಿಗ್ರಾಂ ಕೂತಿತು.

ಎರೆಮಣ್ಣನ್ನು ಪೂರ್ತಿ ಒಣಗಿಸಬೇಡಿ, ಪುಡಿಯಾಗುವಷ್ಟು ಮಾತ್ರ ಆರಿಸಿ 2 ಮಿಮೀ ಜರಡಿ ಹಿಡಿಯಿರಿ. ತೇವ ನೀರು ಹಿಡಿಯುವ ಸಾಮರ್ಥ್ಯದ ಅರ್ಧದಷ್ಟು. ಬಾಟಲಿಗೆ 20 ಗ್ರಾಂ ತುಂಬಿ, ಬಾಯಿಗೆ ಹತ್ತಿ. ಮೂರು ದಿನಕ್ಕೊಮ್ಮೆ ತೂಗಿ, ಕಡಿಮೆಯಾದಷ್ಟು ನೀರು. ಮದ್ದು ಹಾಕುವ ಮುನ್ನ ಮಣ್ಣಿನ ಜೀವಿಗಳನ್ನು ಎಷ್ಟು ದಿನ ತೇವದಲ್ಲಿ ಎಬ್ಬಿಸಿಡಬೇಕು ಅನ್ನೋದು ನನ್ನ ಗುಟ್ಟು, ಅದು ಇಲ್ಲಿ ಬೇಡ.

ದುಡ್ಡು ಉಳಿದದ್ದು ಫ್ರೀಜರ್‌ನಿಂದ. 0, 3, 7, 14, 28, 56, 90ನೇ ದಿನದ ಬಾಟಲಿಗಳು ಮೈನಸ್ 20ಕ್ಕೆ. ಮೊದಲು 0, 7, 28, 90 ಮಾತ್ರ ಪರೀಕ್ಷೆಗೆ. ಇಳಿಕೆಯ ಗ್ರಾಫ್ ಗೆರೆ ಬಾಗಿದ ಕಡೆಯ ದಿನಗಳವು ಆಮೇಲೆ. ಖರ್ಚು ಸಾಕಷ್ಟು ಇಳಿಯಿತು.

ನೆನಪಿರುವ ಅಂಕಿ: ಪಿಎಚ್ 8 ದಾಟಿದ ಎರೆಮಣ್ಣಲ್ಲಿ ಕ್ಲೋರ್‌ಪೈರಿಫಾಸ್ ಮೂರು ವಾರಕ್ಕೆ ಅರ್ಧ, 5.5ರ ಕೆಂಪುಮಣ್ಣಲ್ಲಿ ಎರಡು ತಿಂಗಳ ಹತ್ತಿರ. ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆ ಪಾತ್ರೆ) ಎರಡು ದಿನ ಬೇಯಿಸಿ ಜೀವಿಗಳನ್ನು ಕೊಂದ ಎರೆಮಣ್ಣಲ್ಲೂ ಅದು ಇಳಿಯುತ್ತಿತ್ತು, ನಿಧಾನವಾಗಿ. ಕ್ಷಾರದಲ್ಲಿ ಜೀವಿಗಳಿಲ್ಲದೆಯೂ ಜಲವಿಭಜನೆ (ನೀರಿನಿಂದಲೇ ಒಡೆಯುವುದು) ನಡೆಯುತ್ತದಲ್ಲ. ಇಮಿಡಾಕ್ಲೋಪ್ರಿಡ್ ಅನ್ನೋ ಇನ್ನೊಂದು ಕೀಟನಾಶಕ 90 ದಿನಕ್ಕೂ ಅರ್ಧಕ್ಕೆ ಬರಲಿಲ್ಲ.

ಸುಮ್ಮನೆ ನೋಡೋಣ ಅಂತ, ಹಲವು ಸಲ ಕಾರ್ಬೊಫ್ಯುರಾನ್ ಅನ್ನೋ ಕೀಟನಾಶಕ ಬಿದ್ದ ಮಣ್ಣಿಗೆ ಮತ್ತೆ ಅದನ್ನೇ ಹಾಕಿದೆ. ವಾರದೊಳಗೆ ಬಹುಪಾಲು ಮಾಯ. ಅಲ್ಲಿನ ಜೀವಿಗಳಿಗೆ ಅದೇ ಊಟ.

ಇಳಿದಿದ್ದೆಲ್ಲ ಒಡೆದುಹೋಯಿತೆಂದು ಬಗೆಯಬೇಡಿ. ಹಳತಾದಂತೆ ಮದ್ದು ಜೇಡಿ, ಸಾವಯವ ಅಂಶಗಳಿಗೆ ಕಚ್ಚಿಕೊಂಡು ಹೊರಬರುವುದಿಲ್ಲ. ಅದನ್ನು ಹೊರತೆಗೆಯಲು 10 ಗ್ರಾಂ ಮಣ್ಣಿಗೆ ಮೊದಲು 10 ಮಿಲೀ ನೀರು, ಅರ್ಧ ಗಂಟೆ ನೆನೆಸಿ, ನಂತರ ಮದ್ದನ್ನು ಕರಗಿಸಿ ಎಳೆಯುವ ದ್ರಾವಕ ಅಸಿಟೋನೈಟ್ರೈಲ್. ಜತೆಗೆ ಕ್ಲೋರ್‌ಪೈರಿಫಾಸ್ ಒಡೆದಾಗ ಹುಟ್ಟುವ ಟಿಸಿಪಿಯನ್ನೂ (ಟ್ರೈಕ್ಲೋರೋಪಿರಿಡಿನಾಲ್) ಅಳೆಸಿ. ಮದ್ದು ಇಳಿದು ಟಿಸಿಪಿ ಏರದಿದ್ದರೆ, ಆ ಬಾಟಲಿಯ ಅಂಕಿ ನಂಬಲು ನಾನು ಅವಸರ ಮಾಡಲ್ಲ.